ಬುಲ್ಬುರಿನ್ ಕಾಡಿನ ನೂರು ಮರಗಳು: ಮಕಡೇಮಿಯಾ ಜಾನ್ಸೆನಿ ಪ್ರಕರಣ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಬಂಡಬರ್ಗ್ ಮತ್ತು ಗ್ಲಾಡ್‌ಸ್ಟೋನ್ ಪಟ್ಟಣಗಳ ನಡುವಿನ ಬೆಟ್ಟಸಾಲಿನಲ್ಲಿ ಬುಲ್ಬುರಿನ್ ರಾಷ್ಟ್ರೀಯ ಉದ್ಯಾನವಿದೆ. ಅದರ ಮಳೆಕಾಡಿನ ಒಂದು ಮೂಲೆಯಲ್ಲಿ ಮಕಡೇಮಿಯಾ ಜಾನ್ಸೆನಿ ಎಂಬ ಮರ ಬೆಳೆಯುತ್ತದೆ. ಜಗತ್ತಿನಲ್ಲಿ ಇನ್ನೆಲ್ಲಿಯೂ ಅದು ಸಹಜವಾಗಿ ಬೆಳೆದಿಲ್ಲ. ಗೊತ್ತಿರುವ ಮರಗಳನ್ನೆಲ್ಲ ಕೂಡಿಸಿದರೂ ಲೆಕ್ಕ ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಬಳಗದ ಇನ್ನೊಂದು ಮರವಾದರೋ ದಕ್ಷಿಣ ಆಫ್ರಿಕಾದಿಂದ ಹವಾಯಿಯವರೆಗೆ, ಕೀನ್ಯಾದಿಂದ ಚೀನಾದ ಯುನ್ನಾನ್‌ವರೆಗೆ ಸಾವಿರಾರು ಹೆಕ್ಟೇರ್ ತೋಟಗಳಲ್ಲಿ ಸಾಲಾಗಿ ನಿಂತು, ದುಬಾರಿ ಬೀಜ ಕೊಡುತ್ತಿದೆ.

ಈ ಎರಡು ಮರಗಳನ್ನು ಒಟ್ಟಿಗೆ ನೋಡದೆ ಯಾವುದೊಂದೂ ಸರಿಯಾಗಿ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಂರಕ್ಷಣೆಯ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು ಎಷ್ಟು ಮರ ಉಳಿದಿವೆ ಎಂದು. ಆದರೆ ಒಂದು ಪ್ರಭೇದದ ಭವಿಷ್ಯ ನಿಂತಿರುವುದು ಎಷ್ಟು ಬೇರೆ ಬೇರೆ ಮರಗಳಿವೆ ಎಂಬುದರ ಮೇಲೆ. ಲಕ್ಷಗಟ್ಟಲೆ ಮರಗಳಿದ್ದೂ ಆನುವಂಶಿಕವಾಗಿ ಬಡವಾಗಿರಬಹುದು. ನೂರೇ ಇದ್ದರೂ ಪ್ರತಿಯೊಂದೂ ಭರ್ತಿ ಮಾಡಲಾಗದ ಆಸ್ತಿಯಾಗಿರಬಹುದು. ಬುಲ್ಬುರಿನ್ ಪ್ರಕರಣದಲ್ಲಿ ಇವೆರಡೂ ಮುಖಾಮುಖಿಯಾಗಿವೆ.

ಮರ ಮತ್ತು ಅದರ ಬಳಗ

ಮಕಡೇಮಿಯಾ ಕುಲದಲ್ಲಿ ಇಂದು ನಾಲ್ಕೇ ಪ್ರಭೇದಗಳನ್ನು ಗುರುತಿಸುತ್ತಾರೆ. ನಾಲ್ಕೂ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಉಪೋಷ್ಣವಲಯದ ಮಳೆಕಾಡಿನವು. ತಿನ್ನಲು ಯೋಗ್ಯವಾದ ಬೀಜ ಕೊಡುವವು ಇಂಟೆಗ್ರಿಫೋಲಿಯಾ ಮತ್ತು ಟೆಟ್ರಾಫಿಲ್ಲಾ. ವಾಣಿಜ್ಯ ತೋಟಗಳಲ್ಲಿರುವುದು ಇವೆರಡು, ಇಲ್ಲವೇ ಇವುಗಳ ಸಂಕರ. ಉಳಿದೆರಡಾದ ಟೆರ್ನಿಫೋಲಿಯಾ ಮತ್ತು ಜಾನ್ಸೆನಿಯ ತಿರುಳು ಕಹಿ. ಅವುಗಳ ಬೀಜದಲ್ಲಿರುವ ಸಯನೋಜೆನಿಕ್ ಗ್ಲೈಕೋಸೈಡ್‌ಗಳು ಜಗಿದಾಗ ಒಡೆದು ಸಯನೈಡ್ ಬಿಡುಗಡೆ ಮಾಡುತ್ತವೆ. ಡಿಎನ್‌ಎ ಹೋಲಿಕೆಯಲ್ಲಿಯೂ ಈ ಕಹಿ ಜೋಡಿ ಒಂದು ಕವಲು, ತಿನ್ನುವ ಜೋಡಿ ಇನ್ನೊಂದು ಕವಲು.

ಕಹಿ ಮತ್ತು ಸಿಹಿ ಮರಗಳ ಗೊಂದಲ ಈ ಕುಲದ ಚರಿತ್ರೆಯ ಉದ್ದಕ್ಕೂ ಇದೆ. 1850ರ ದಶಕದಲ್ಲಿ ಸಸ್ಯವಿಜ್ಞಾನಿ ಫರ್ಡಿನೆಂಡ್ ಫಾನ್ ಮ್ಯೂಲರ್ ತನ್ನ ಗೆಳೆಯ ಜಾನ್ ಮಕಾಡಮ್‌ನ ಗೌರವಾರ್ಥ ಕುಲಕ್ಕೆ ಹೆಸರಿಟ್ಟ. ಅವನು ವಿವರಿಸಿದ್ದು ಟೆರ್ನಿಫೋಲಿಯಾವನ್ನು. ಬ್ರಿಸ್ಬೇನ್ ಸಸ್ಯೋದ್ಯಾನದ ನಿರ್ದೇಶಕ ವಾಲ್ಟರ್ ಹಿಲ್ ಬೀಜ ಬೇಗ ಮೊಳೆಯಲೆಂದು ಕಾಯಿಗಳನ್ನು ಒಡೆಯಲು ಒಬ್ಬ ಹುಡುಗನಿಗೆ ಹೇಳಿದನಂತೆ. ವಿಷವಿರಬಹುದೆಂದು ಭಾವಿಸಿದ್ದ ಆ ಬೀಜಗಳಲ್ಲಿ ಕೆಲವನ್ನು ಹುಡುಗ ತಿಂದುಬಿಟ್ಟ, ಏನೂ ಆಗಲಿಲ್ಲ, ರುಚಿಯಾಗಿದೆ ಎಂದೂ ಹೇಳಿದ ಎಂಬ ಕಥೆ ಪ್ರಚಲಿತದಲ್ಲಿದೆ. ಹಿಲ್ 1858ರಲ್ಲಿ ನೆಟ್ಟದ್ದೆಂದು ಹೇಳುವ ಮಕಡೇಮಿಯಾ ಮರವನ್ನು ಕೃಷಿಗೆ ಬಂದ ಮೊದಲ ಮರವೆಂದು ಪರಿಗಣಿಸುತ್ತಾರೆ. ತಿನ್ನುವ ಮರ ಬೇರೆಯೇ ಪ್ರಭೇದ ಎಂದು ಇಂಟೆಗ್ರಿಫೋಲಿಯಾವನ್ನು ಪ್ರತ್ಯೇಕಿಸಿದ್ದು 1897ರಲ್ಲಿ. ಆ ನೆಲದ ಮೂಲನಿವಾಸಿಗಳಿಗಾದರೆ ಯಾವ ಮರದ ಬೀಜ ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದು ತಲೆಮಾರುಗಳಿಂದ ಗೊತ್ತಿತ್ತು.

ಜಾನ್ಸೆನಿ ಬೆಳಕಿಗೆ ಬಂದದ್ದು ತೀರಾ ತಡವಾಗಿ. 1980ರ ದಶಕದ ಆರಂಭದಲ್ಲಿ ರೇ ಜಾನ್ಸನ್ ಎಂಬ ಕಬ್ಬು ಬೆಳೆಗಾರರು ಇದನ್ನು ಸಸ್ಯವಿಜ್ಞಾನಿಗಳ ಗಮನಕ್ಕೆ ತಂದರು. ಗಿಡಮರಗಳ ಹುಚ್ಚು ಅವರನ್ನು ಬಿಡುವಿದ್ದಾಗಲೆಲ್ಲ ಕಾಡಿಗೆ ಕರೆದೊಯ್ಯುತ್ತಿತ್ತು. ಸುಮಾರು ಹತ್ತು ವರ್ಷಗಳ ನಂತರ ಕ್ಯಾರೊಲಿನ್ ಗ್ರಾಸ್ ಮತ್ತು ಪೀಟರ್ ವೆಸ್ಟನ್ ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ಜಾನ್ಸನ್ ಹೆಸರನ್ನೇ ಇಟ್ಟರು. ಉಳಿದ ಮಕಡೇಮಿಯಾಗಳಿಂದ ಉತ್ತರಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ನಡುವೆ ಕೊಂಡಿಯೇ ಇಲ್ಲದೆ, ಇದೊಂದೇ ನಿಂತಿತ್ತು.

ಮರ ದೊಡ್ಡದಲ್ಲ. ಆರರಿಂದ ಒಂಬತ್ತು ಮೀಟರ್ ಎತ್ತರ, ಬುಡದಿಂದಲೇ ಹಲವು ಕಾಂಡಗಳು. ಎಲೆಗಳು ಒಂದೊಂದು ಗೆಣ್ಣಿನಲ್ಲಿ ಮೂರು ಮೂರಾಗಿ ಸುತ್ತುವರಿದಿರುತ್ತವೆ. ಹಸಿರು ಸಿಪ್ಪೆಯೊಳಗೆ ನುಣುಪಾದ, ಗಟ್ಟಿಯಾದ ಕಂದು ಚಿಪ್ಪು. ಅದರ ಅಡ್ಡಳತೆ 11ರಿಂದ 16 ಮಿಲಿಮೀಟರ್. ತೋಟದ ಮಕಡೇಮಿಯಾಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧ. ಕಾಯಿ ತಾನಾಗಿ ಉದುರಿ ಇಳಿಜಾರಿನಲ್ಲಿ ಉರುಳುತ್ತದೆ, ಮಳೆನೀರಿನೊಂದಿಗೆ ಸ್ವಲ್ಪ ದೂರ ಹೋಗುತ್ತದೆ, ಇಲಿಗಳು ಒಂದಷ್ಟನ್ನು ಹೊತ್ತೊಯ್ದು ಹೆಚ್ಚಿನದನ್ನು ತಿಂದುಬಿಡುತ್ತವೆ. ದೂರದ ಬೆಟ್ಟಕ್ಕೆ ಬೀಜ ಒಯ್ಯಬಲ್ಲ ದೊಡ್ಡ ಹಕ್ಕಿಯಾಗಲಿ ಪ್ರಾಣಿಯಾಗಲಿ ಇದಕ್ಕಿಲ್ಲ. ಒಂದೇ ಮೂಲೆಯಲ್ಲಿ ಉಳಿದುಹೋಗುವುದಕ್ಕೆ ಇದೂ ಒಂದು ಕಾರಣ.

ತೋಟಗಳು ಕಲಿಸುವ ಪಾಠ

ಜಾನ್ಸೆನಿಯ ಸ್ಥಿತಿಯನ್ನು ಅಳೆಯುವ ಮುನ್ನ ಅದರ ಶ್ರೀಮಂತ ಸಂಬಂಧಿಯ ಕಡೆ ನೋಡಬೇಕು. 1880ರ ದಶಕದ ಆರಂಭದಲ್ಲಿ ವಿಲಿಯಂ ಪರ್ವಿಸ್ ಎಂಬಾತ ಕ್ವೀನ್ಸ್‌ಲ್ಯಾಂಡ್‌ನಿಂದ ಮಕಡೇಮಿಯಾ ಬೀಜಗಳನ್ನು ಹವಾಯಿಗೆ ಒಯ್ದ. 1892ರಲ್ಲಿ ಜೋರ್ಡನ್ ಸಹೋದರರು ಇನ್ನೊಂದಷ್ಟನ್ನು ತಂದರು. ಆ ಬೀಜಗಳಿಂದ ಹುಟ್ಟಿದ ಮರಗಳ ಸಂತತಿಯಲ್ಲಿ ಹವಾಯಿಯ ಕೃಷಿ ಸಂಶೋಧನಾ ಕೇಂದ್ರ ಒಳ್ಳೆಯ ಮರಗಳನ್ನು ಆರಿಸಿತು; 1948ರಲ್ಲಿ ಮೊದಲ ತಳಿಗಳು ಹೊರಬಂದವು. ಒಮ್ಮೆ ಒಂದು ಮರ ಚೆನ್ನಾಗಿದೆ ಎಂದು ತೀರ್ಮಾನವಾದರೆ ಆಮೇಲೆ ನಡೆಯುವುದೆಲ್ಲ ಕಸಿ. ಕಸಿ ಎಂದರೆ ಅದೇ ಮರ ಮತ್ತೆ ಮತ್ತೆ. ಒಂದು ತಳಿಯ ಹತ್ತು ಸಾವಿರ ಗಿಡಗಳಿದ್ದರೆ, ವಂಶವಾಹಿಗಳ ಲೆಕ್ಕದಲ್ಲಿ ಅದು ಒಂದೇ ಮರ.

ಸದರ್ನ್ ಕ್ರಾಸ್ ವಿಶ್ವವಿದ್ಯಾಲಯದ ಕ್ಯಾಥರಿನ್ ನಾಕ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಈ ಜಾಡನ್ನು ಹಿಮ್ಮುಖವಾಗಿ ಹಿಡಿದು ಹೊರಟರು. ಎಲೆಯ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಿಗೆ ತಮ್ಮದೇ ಡಿಎನ್‌ಎ ಇದೆ. ಹೂಬಿಡುವ ಹೆಚ್ಚಿನ ಗಿಡಗಳಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ. ಪರಾಗದ ಬೆರಕೆ ಅದಕ್ಕೆ ತಟ್ಟುವುದಿಲ್ಲ. ಹಾಗಾಗಿ ಕಾಡಿನ ಮರಗಳ ಮತ್ತು ಹವಾಯಿ ತಳಿಗಳ ಕ್ಲೋರೋಪ್ಲಾಸ್ಟ್ ಡಿಎನ್‌ಎ ಹೋಲಿಸಿದರೆ ತಾಯಿಯ ಕಡೆಯ ಊರು ಸಿಗುತ್ತದೆ. ಹವಾಯಿಯ ತಳಿಗಳಲ್ಲಿ ಬಹುಪಾಲು ಒಂದೇ ಮಾದರಿಗೆ ಸೇರಿದ್ದವು. ಆ ಮಾದರಿ ಕಾಡಿನಲ್ಲಿ ಕಂಡದ್ದು ಗಿಂಪಿ ಪಟ್ಟಣದ ಬಳಿಯ ಮೂಲೂ ಎಂಬ ಸಣ್ಣ ಪ್ರದೇಶದಲ್ಲಿ. ಜಗತ್ತಿನ ತೋಟಗಳ ದೊಡ್ಡ ಪಾಲು ಹವಾಯಿ ತಳಿಗಳನ್ನೇ ನೆಚ್ಚಿಕೊಂಡಿರುವುದರಿಂದ, ಇಡೀ ಉದ್ಯಮದ ತಾಯಿಬೇರು ಬೆರಳೆಣಿಕೆಯ ಕಾಡುಮರಗಳಲ್ಲಿ, ಬಹುಶಃ ಒಂದೇ ಮರದಲ್ಲಿ ಇದೆ ಎಂಬ ಮಾತು ಬಂದದ್ದು ಹೀಗೆ.

ಇದರಲ್ಲಿ ಅಪಾಯವೇನು ಎಂದು ತೋಟಗಾರರಿಗೆ ವಿವರಿಸಬೇಕಿಲ್ಲ. ಒಂದು ರೋಗಕ್ಕೆ ಒಂದು ಮರ ಸೋತರೆ ಅದರ ಪಡಿಯಚ್ಚುಗಳೆಲ್ಲ ಸೋಲುತ್ತವೆ. ಬಿಸಿ ಏರಿದಾಗ ಹೂವು ಉದುರಿಸುವ ಸ್ವಭಾವ ಒಂದರಲ್ಲಿದ್ದರೆ ಎಲ್ಲದರಲ್ಲಿಯೂ ಇರುತ್ತದೆ. ಬೇರೆ ಗುಣ ಬೇಕೆಂದರೆ ಕಾಡಿಗೇ ಹೋಗಬೇಕು. ಆದರೆ ಬೀಜ ಹಡಗು ಹತ್ತಿದ ಕಾಲದಲ್ಲಿಯೇ ಆ ಕಾಡು ನೆಲಸಮವಾಗುತ್ತಿತ್ತು. ಟೆಟ್ರಾಫಿಲ್ಲಾದ ನೆಲೆಯಾದ ನ್ಯೂ ಸೌತ್ ವೇಲ್ಸ್‌ನ ಬಿಗ್ ಸ್ಕ್ರಬ್ ಒಂದು ಕಾಲಕ್ಕೆ ಸುಮಾರು 75,000 ಹೆಕ್ಟೇರ್ ಮಳೆಕಾಡು. ಹಸು ಸಾಕಣೆಗೆ, ಕಬ್ಬಿಗೆ ಅದನ್ನು ಕಡಿದ ಮೇಲೆ ಉಳಿದದ್ದು ಶೇ. 1ಕ್ಕಿಂತ ಕಡಿಮೆ, ಅದೂ ತುಂಡು ತುಂಡಾಗಿ.

ಜಾನ್ಸೆನಿ ಈ ದೃಷ್ಟಿಯಿಂದ ಬೆಲೆಯುಳ್ಳ ಮರ. ತಿರುಳು ಕಹಿಯಾದರೂ ಅದರ ಗಿಡ್ಡ ಆಕಾರದ ಮೇಲೆ ತಳಿ ಅಭಿವೃದ್ಧಿಗಾರರಿಗೆ ಕಣ್ಣಿದೆ. ತೋಟದ ಮಕಡೇಮಿಯಾ ಹತ್ತು ಮೀಟರ್ ದಾಟಿ ಬೆಳೆದು, ಸವರುವ ಮತ್ತು ಸಿಂಪಡಿಸುವ ಖರ್ಚನ್ನು ಏರಿಸುತ್ತದೆ. ಜಾನ್ಸೆನಿಯೊಂದಿಗೆ ಅದು ಸಂಕರಗೊಳ್ಳುತ್ತದೆ. ಕಹಿಯನ್ನು ಕಳೆದು ಗಿಡ್ಡತನವನ್ನು ಉಳಿಸಿಕೊಳ್ಳಲು ಹಲವು ತಲೆಮಾರುಗಳ ಸಂಕರ ಮತ್ತು ಆಯ್ಕೆ ಬೇಕಾಗುತ್ತದೆ, ಅಷ್ಟೆ.

ನೂರು ಎಂಬ ಸಂಖ್ಯೆಯ ಒಳಗೆ

ಈಗ ಮೂಲ ಪ್ರಶ್ನೆ. ನೂರು ಮರಗಳ ಒಂದು ಗುಂಪು ಆನುವಂಶಿಕವಾಗಿ ಎಷ್ಟು ಸುಭದ್ರ?

ಒಂದೇ ಜೀನಿಗೆ ಬೇರೆ ಬೇರೆ ರೂಪಗಳಿರುತ್ತವೆ. ಅವುಗಳನ್ನು ಆಲೀಲ್ ಎನ್ನುತ್ತಾರೆ. ಪ್ರತಿ ಮರದಲ್ಲಿ ಒಂದು ಜೀನಿನ ಎರಡು ಪ್ರತಿಗಳಿರುತ್ತವೆ, ಬೀಜಕ್ಕೆ ಹೋಗುವುದು ಒಂದು ಮಾತ್ರ. ಯಾವುದು ಹೋಗುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ದೊಡ್ಡ ಗುಂಪಿನಲ್ಲಿ ಚೀಟಿಗಳು ಬಹಳ, ಅಪರೂಪದ ಆಲೀಲ್ ಕೂಡ ಯಾರದೋ ಪಾಲಿಗೆ ಬಂದು ಉಳಿಯುತ್ತದೆ. ಸಣ್ಣ ಗುಂಪಿನಲ್ಲಿ ಅದು ಒಂದು ತಲೆಮಾರಿನಲ್ಲಿ ಯಾರ ಪಾಲಿಗೂ ಬರದೆ ಹೋದರೆ ಶಾಶ್ವತವಾಗಿ ಹೋದಂತೆಯೇ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಜನೆಟಿಕ್ ಡ್ರಿಫ್ಟ್ ಎಂದು ಕರೆಯುವುದು ಈ ಕುರುಡು ಸೋರಿಕೆಯನ್ನು.

ಸೋರಿಕೆಗೆ ಸರಳವಾದ ಲೆಕ್ಕವಿದೆ. ಸಂತಾನಕ್ಕೆ ಸಮನಾಗಿ ಕೊಡುಗೆ ಕೊಡುವ ಮರಗಳು ಐವತ್ತಿದ್ದರೆ ಪ್ರತಿ ತಲೆಮಾರಿಗೂ ಉಳಿದ ವೈವಿಧ್ಯದ ಶೇ. 1 ಹೋಗುತ್ತದೆ, ಹತ್ತೇ ಇದ್ದರೆ ಶೇ. 5. ಹತ್ತು ತಲೆಮಾರು ಕಳೆದಾಗ ಮೊದಲನೆಯ ಗುಂಪಿನಲ್ಲಿ ಶೇ. 90 ಉಳಿದಿರುತ್ತದೆ, ಎರಡನೆಯದರಲ್ಲಿ ಶೇ. 60 ಮಾತ್ರ. ಸಂತಾನಕ್ಕೆ ಕೊಡುಗೆ ಕೊಡುವವರ ಈ ಸಂಖ್ಯೆ ತಲೆ ಎಣಿಕೆಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಕೆಲವು ಮರಗಳು ನೆರಳಿನಲ್ಲಿ ಸಿಕ್ಕಿ ಹೂವನ್ನೇ ಬಿಡುವುದಿಲ್ಲ, ಕೆಲವು ಬಿಟ್ಟರೂ ಕಾಯಿ ಕಟ್ಟುವುದಿಲ್ಲ, ಒಳ್ಳೆಯ ಬೆಳಕು ಸಿಕ್ಕ ನಾಲ್ಕಾರು ಮರಗಳೇ ಹೆಚ್ಚಿನ ಬೀಜ ಉದುರಿಸುತ್ತವೆ. ಅನೇಕ ಜೀವಿಗಳಲ್ಲಿ ಈ ಪರಿಣಾಮಕಾರಿ ಸಂಖ್ಯೆ ತಲೆ ಎಣಿಕೆಯ ಹತ್ತನೇ ಒಂದರಿಂದ ಐದನೇ ಒಂದು ಭಾಗದಷ್ಟು. ಆ ಲೆಕ್ಕ ಇಲ್ಲಿಯೂ ಅನ್ವಯಿಸಿದರೆ ನೂರು ಮರಗಳು ಹತ್ತಿಪ್ಪತ್ತು ಮರಗಳ ಹಾಗೆ ವರ್ತಿಸುತ್ತವೆ. ಒಳಸಂಕರದ, ಅಂದರೆ ಹತ್ತಿರದ ಸಂಬಂಧಿಗಳೊಳಗೇ ಸಂತಾನವಾಗುವುದರ, ತೊಂದರೆ ತಪ್ಪಿಸಲು ಪರಿಣಾಮಕಾರಿ ಸಂಖ್ಯೆ ಕನಿಷ್ಠ 50, ಬದಲಾಗುವ ಶಕ್ತಿ ದೀರ್ಘಕಾಲ ಉಳಿಯಲು 500 ಬೇಕು ಎಂಬುದು 1980ರಿಂದ ಬಳಕೆಯಲ್ಲಿರುವ ಅಳತೆಗೋಲು. 2014ರಲ್ಲಿ ಫ್ರಾಂಕಮ್ ಮತ್ತು ಸಂಗಡಿಗರು ಅದೂ ಸಾಲದು, 100 ಮತ್ತು 1000 ಎಂದಿರಬೇಕು ಎಂದು ವಾದಿಸಿದರು. ಯಾವ ಅಳತೆಗೋಲು ಹಿಡಿದರೂ ಬುಲ್ಬುರಿನ್ ಮರಗಳು ಕೆಳಗೇ ಉಳಿಯುತ್ತವೆ.

ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದ ಆಲಿಸನ್ ಶಾಪ್‌ಕಾಟ್ ಮತ್ತು ಮೈಕೆಲ್ ಪೊವೆಲ್ 2011ರಲ್ಲಿ ಈ ಗುಂಪಿನ ವಯಸ್ಸಿನ ರಚನೆ, ಆನುವಂಶಿಕ ವೈವಿಧ್ಯ ಮತ್ತು ನೆಲೆಯ ಗುಣವನ್ನು ಒಟ್ಟಿಗೆ ಅಧ್ಯಯನ ಮಾಡಿದ್ದು ಈ ಹಿನ್ನೆಲೆಯಲ್ಲಿ ಮಹತ್ವದ್ದು. ಬೇರೆ ಕಡೆ ಹೊಸದಾಗಿ ನೆಡುವ ಯೋಜನೆಗೆ ಆಧಾರ ಒದಗಿಸುವುದೇ ಅವರ ಉದ್ದೇಶವಾಗಿತ್ತು. ಮೂರನ್ನೂ ಒಂದೇ ಅಧ್ಯಯನದಲ್ಲಿ ಸೇರಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ. ಮುದಿ ಮರಗಳೇ ತುಂಬಿ ಎಳೆಯ ಸಸಿಗಳಿಲ್ಲದ ಗುಂಪಿನಲ್ಲಿ ಡಿಎನ್‌ಎ ವರದಿ ಎಷ್ಟೇ ಚೆನ್ನಾಗಿದ್ದರೂ ಅದು ಕಳೆದುಹೋದ ಕಾಲದ ವರದಿ. ದೀರ್ಘಾಯುಷಿ ಮರಗಳಲ್ಲಿ ಈ ಮೋಸ ಸುಲಭವಾಗಿ ಆಗುತ್ತದೆ.

ಅದೇ ದೀರ್ಘಾಯುಷ್ಯ ಒಂದು ರಕ್ಷಣೆಯೂ ಹೌದು. ಸೋರಿಕೆ ಆಗುವುದು ತಲೆಮಾರಿನ ಲೆಕ್ಕದಲ್ಲಿ; ಮರದ ತಲೆಮಾರು ಹತ್ತಾರು ವರ್ಷಗಳದ್ದು. ಇಂದು ನಿಂತಿರುವ ಮರವನ್ನು ಉಳಿಸಿಕೊಂಡರೆ ಅದರೊಳಗಿನ ಆಲೀಲ್‌ಗಳೂ ಅಷ್ಟು ಕಾಲ ಉಳಿಯುತ್ತವೆ. ಸಮಾಧಾನಕ್ಕೆ ಇನ್ನೊಂದು ಸಂಗತಿ ಇಂಟೆಗ್ರಿಫೋಲಿಯಾದಿಂದ ಸಿಗುತ್ತದೆ. ಕಾಡು ತುಂಡಾದ ಜಾಗಗಳಲ್ಲಿ ಅದರ ಕಾಯಿ ಕಟ್ಟುವ ಶಕ್ತಿ ಕುಂದಿಲ್ಲ ಎಂದು 2010ರಲ್ಲಿ ಪ್ರಕಟವಾದ ನೀಲ್, ಹಾರ್ಡ್‌ನರ್ ಮತ್ತು ಗ್ರಾಸ್ ಅವರ ಅಧ್ಯಯನ ತೋರಿಸಿತು. ಮಕಡೇಮಿಯಾದ ಒಂದೊಂದು ಹೂಗೊಂಚಲಿನಲ್ಲಿ ನೂರರಿಂದ ಮುನ್ನೂರು ಹೂಗಳಿರುತ್ತವೆ, ಕಾಯಾಗುವುದು ಅವುಗಳಲ್ಲಿ ತೀರ ಸ್ವಲ್ಪ. ತನ್ನದೇ ಪರಾಗವನ್ನು ಮರ ಬಹುಮಟ್ಟಿಗೆ ತಿರಸ್ಕರಿಸುತ್ತದೆ. ಬೇರೆ ಮರದ ಪರಾಗವನ್ನು ಜೇನುನೊಣಗಳು ತಂದರೆ ಮಾತ್ರ ಕಾಯಿ ಚೆನ್ನಾಗಿ ಕಟ್ಟುತ್ತದೆ. ಈ ಸ್ವಭಾವ ಒಳಸಂಕರಕ್ಕೆ ತಡೆ ಒಡ್ಡುತ್ತದೆ. ಆದರೆ ಗುಂಪು ಸಣ್ಣದಾಗುತ್ತ ಹೋದಂತೆ ಸುತ್ತಲಿನವರೆಲ್ಲ ಅಣ್ಣತಮ್ಮಂದಿರೇ ಆಗಿಬಿಡುತ್ತಾರೆ, ಆಗ ಅದೇ ಸ್ವಭಾವದಿಂದ ಕಾಯಿಯೇ ಕಡಿಮೆಯಾಗುವ ಅಪಾಯವಿದೆ.

ಬೆಂಕಿ

2019ರಲ್ಲಿ ಆಸ್ಟ್ರೇಲಿಯಾದ ಪೂರ್ವ ಭಾಗ ಹೊತ್ತಿ ಉರಿದ ಸುದ್ದಿ ಜಗತ್ತಿಗೆಲ್ಲ ತಿಳಿದದ್ದೇ. ಆ ವರ್ಷ ಬುಲ್ಬುರಿನ್‌ಗೂ ಬೆಂಕಿ ನುಗ್ಗಿ ಜಾನ್ಸೆನಿ ಗುಂಪಿನ ಒಂದು ಭಾಗವನ್ನು ಸುಟ್ಟಿತು. ನೀಲಗಿರಿ ಮರಗಳ ಕಾಡಿಗೆ ಬೆಂಕಿ ಹೊಸದಲ್ಲ, ಅಲ್ಲಿನ ಮರಗಳು ಸುಟ್ಟ ಮೇಲೂ ಚಿಗುರುತ್ತವೆ. ಮಳೆಕಾಡಿನ ಮರಗಳಿಗೆ ಆ ಅಭ್ಯಾಸವಿಲ್ಲ. ತೇವವೇ ಅವುಗಳ ರಕ್ಷಣೆ. ಬರ ಬಂದು ತೇವ ಆರಿದಾಗ ಕಾಡಿನ ಅಂಚಿನಿಂದ ಬೆಂಕಿ ಒಳಕ್ಕೆ ತೂರುತ್ತದೆ. ಅಂಚಿನಲ್ಲಿ ಲಂಟಾನ ಹಬ್ಬಿದ್ದರೆ ಕೆಲಸ ಇನ್ನೂ ಸಲೀಸು: ಒಣಗಿದ ಲಂಟಾನದ ಹಿಂಡು ನೆಲದ ಕಿಡಿಯನ್ನು ಮೇಲಿನ ಕೊಂಬೆಗಳವರೆಗೆ ಏರಿಸುತ್ತದೆ. ಸಸಿಗಳು ಮೊಳೆಯುವ ಜಾಗವನ್ನೂ ಅದು ಮುಚ್ಚಿಹಾಕುತ್ತದೆ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಜಾನ್ಸೆನಿಯನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಗುರುತಿಸಲಾಗಿದೆ. ಆದರೆ ಕಾಗದದ ಮೇಲಿನ ದರ್ಜೆಗಿಂತ ಬೆಂಕಿ ಕಲಿಸಿದ್ದು ಹೆಚ್ಚು. ಡ್ರಿಫ್ಟ್ ಶತಮಾನಗಳಲ್ಲಿ ಮಾಡುವ ಹಾನಿಯನ್ನು ಒಂದು ಮಧ್ಯಾಹ್ನದ ಬೆಂಕಿ ಮಾಡಿ ಮುಗಿಸಬಲ್ಲದು, ಅದೂ ಒಂದೇ ಇಳಿಜಾರಿನ ಮರಗಳನ್ನು ಆರಿಸಿದಂತೆ. ಬೀಜ ಹೆಚ್ಚು ದೂರ ಹೋಗದ ಪ್ರಭೇದದಲ್ಲಿ ಒಂದು ಇಳಿಜಾರಿನ ಮರಗಳು ಸಾಮಾನ್ಯವಾಗಿ ಹತ್ತಿರದ ಸಂಬಂಧಿಗಳು. ಅವು ಒಟ್ಟಿಗೆ ಸತ್ತರೆ ಒಂದು ಇಡೀ ಕುಟುಂಬದ ಆಲೀಲ್‌ಗಳು ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಎಷ್ಟು ಮರ ಸುಟ್ಟವು ಎಂದು ಕೇಳುವಾಗಲೇ ಯಾವ ಮರಗಳು ಸುಟ್ಟವು ಎಂದೂ ಕೇಳಬೇಕಾಗುತ್ತದೆ.

ಕಾಡಿನ ಹೊರಗೆ ಒಂದು ಪ್ರತಿ

ಒಂದೇ ಜಾಗದಲ್ಲಿರುವುದನ್ನು ಇನ್ನೊಂದು ಜಾಗದಲ್ಲಿಯೂ ಇಡುವುದು ಸಹಜವಾಗಿ ಹೊಳೆಯುವ ಪರಿಹಾರ. ಧಾನ್ಯವಾಗಿದ್ದರೆ ಬೀಜ ಒಣಗಿಸಿ ಶೀತಲಗೃಹದಲ್ಲಿಟ್ಟರೆ ಕೆಲಸ ಮುಗಿಯುತ್ತಿತ್ತು. ಎಣ್ಣೆ ತುಂಬಿದ ಮಕಡೇಮಿಯಾ ಬೀಜ ಸಾಮಾನ್ಯ ಉಗ್ರಾಣದಲ್ಲಿ ಹೆಚ್ಚು ಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಜೀವಂತ ಮರಗಳನ್ನೇ ಬೇರೆ ಕಡೆ ಬೆಳೆಸಬೇಕು. ಮಕಡೇಮಿಯಾ ಬೆಳೆಗಾರರ ಬೆಂಬಲದಿಂದ 2000ರ ದಶಕದಲ್ಲಿ ಹುಟ್ಟಿದ ಮಕಡೇಮಿಯಾ ಸಂರಕ್ಷಣಾ ಟ್ರಸ್ಟ್ ಮತ್ತು ಗ್ಲಾಡ್‌ಸ್ಟೋನ್‌ನ ತೊಂಡೂನ್ ಸಸ್ಯೋದ್ಯಾನದಂಥ ಸಂಸ್ಥೆಗಳು ಕೈಹಾಕಿದ್ದು ಈ ಕೆಲಸಕ್ಕೆ. ಕಾಡಿನಲ್ಲಿ ಮರಗಳಿರುವ ನಿಖರ ಜಾಗವನ್ನು ಬಹಿರಂಗಪಡಿಸುವುದಿಲ್ಲ. ಅದು ಸರಿಯಾದ ನಿಲುವು. ನೋಡಲು ಬಂದವರ ಪಾದದ ಮಣ್ಣಿನಲ್ಲಿ ಬೇರುಕೊಳೆ ತರುವ ಫೈಟಾಫ್ತರಾ ಬಂದರೆ ಅದನ್ನು ಹಿಂದಕ್ಕೆ ಕಳುಹಿಸುವ ಉಪಾಯವಿಲ್ಲ.

ಬೀಜದಿಂದ ಬೆಳೆಸುವುದೋ ಕಡ್ಡಿಯಿಂದಲೋ ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಬೀಜದಲ್ಲಿ ತಾಯಿಯ ಅರ್ಧ ಮಾತ್ರ ಇರುತ್ತದೆ, ಉಳಿದರ್ಧ ಯಾವ ಮರದ್ದೆಂದು ಕಣ್ಣಿಗೆ ಕಾಣುವುದಿಲ್ಲ. ಕಡ್ಡಿಯಲ್ಲಿ ತಾಯಿಮರ ಪೂರ್ತಿಯಾಗಿ ಬರುತ್ತದೆ. ಅರೆಬಲಿತ ಕೊಂಬೆಯ ತುದಿ ಕತ್ತರಿಸಿ, ನೀರು ಆರದಂತೆ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದಿ ಹನಿಮಂಜಿನ ಮನೆಯಲ್ಲಿ ನೆಡುತ್ತಾರೆ. ತಿಂಗಳುಗಟ್ಟಲೆ ಕಾದ ಮೇಲೆ ಕೆಲವು ಬೇರು ಬಿಡುತ್ತವೆ, ಕೆಲವು ಕಪ್ಪಾಗುತ್ತವೆ. ಮುದಿ ಮರದ ಕಡ್ಡಿಗಿಂತ ಎಳೆಯ ಮರದ್ದು ಬೇಗ ಬೇರೂರುತ್ತದೆ. ಇಲ್ಲಿಯೇ ಅರಿವಿಲ್ಲದೆ ಒಂದು ಆಯ್ಕೆ ನಡೆದುಹೋಗುತ್ತದೆ. ಸುಲಭವಾಗಿ ಬೇರು ಬಿಡುವ, ಕೈಗೆಟುಕುವ ಎತ್ತರದಲ್ಲಿ ಕೊಂಬೆಯಿರುವ, ದಾರಿಗೆ ಹತ್ತಿರದ ನಾಲ್ಕಾರು ಮರಗಳ ಗಿಡಗಳೇ ನರ್ಸರಿ ತುಂಬಿಕೊಳ್ಳುತ್ತವೆ.

ಇದು ಎಷ್ಟು ದುಬಾರಿಯಾಗಬಹುದು ಎಂದು ಲೆಕ್ಕ ಹಾಕಿ ನೋಡಬಹುದು. ಆಸ್ಟ್ರೇಲಿಯಾದವರೇ ಆದ ಮಾರ್ಷಲ್ ಮತ್ತು ಬ್ರೌನ್ 1975ರಲ್ಲಿ ಒಂದು ಸೂತ್ರ ಕೊಟ್ಟರು: ಶೇ. 5ರಷ್ಟು ಪ್ರಮಾಣದಲ್ಲಿರುವ ಆಲೀಲ್ ನಮ್ಮ ಸಂಗ್ರಹದಲ್ಲಿ ಶೇ. 95ರ ಖಾತ್ರಿಯಿಂದ ಇರಬೇಕಾದರೆ ಯಾದೃಚ್ಛಿಕವಾಗಿ ಆರಿಸಿದ 59 ಜೀನ್ ಪ್ರತಿಗಳು ಬೇಕು. ಒಂದು ಮರದಲ್ಲಿ ಎರಡು ಪ್ರತಿಗಳಿರುವುದರಿಂದ, ಒಂದಕ್ಕೊಂದು ನಂಟಿಲ್ಲದ ಸುಮಾರು ಮೂವತ್ತು ತಾಯಿಮರಗಳು ಸಾಕು. ಐದೇ ತಾಯಿಮರಗಳಿಂದ ನೂರು ಕಡ್ಡಿ ಬೆಳೆಸಿದರೆ ನಮ್ಮಲ್ಲಿರುವುದು ಹತ್ತು ಪ್ರತಿಗಳು. ಅದೇ ಆಲೀಲ್ ಸಿಗುವ ಸಾಧ್ಯತೆ ಶೇ. 40ಕ್ಕೆ ಇಳಿಯುತ್ತದೆ. ಸಾಲಾಗಿ ನಿಂತ ನೂರು ಹಸಿರು ಗಿಡಗಳನ್ನು ನೋಡಿದವರಿಗೆ ಈ ಕೊರತೆ ಕಾಣುವುದೇ ಇಲ್ಲ. ಕಾಣಿಸುವುದು ಗಿಡಕ್ಕೆ ಕಟ್ಟಿದ ತಗಡಿನ ಬಿಲ್ಲೆಯಲ್ಲಿ ತಾಯಿಮರದ ಸಂಖ್ಯೆ ಬರೆದಿದ್ದರೆ ಮಾತ್ರ. ಬಿಲ್ಲೆ ಕಳೆದುಹೋದ ಗಿಡ ಗಿಡವಾಗಿ ಬದುಕಿದ್ದರೂ ಸಂರಕ್ಷಣೆಯ ಲೆಕ್ಕದಲ್ಲಿ ಅದರ ಬೆಲೆ ಅರ್ಧಕ್ಕಿಂತ ಕಡಿಮೆ. ಮತ್ತೆ ಡಿಎನ್‌ಎ ಪರೀಕ್ಷೆ ಮಾಡಿಸಿ ಅದರ ತಾಯಿಯನ್ನು ಹುಡುಕಬೇಕು. ಇಷ್ಟು ಅಗ್ಗದ ವಸ್ತುವಿನ ಮೇಲೆ ಇಷ್ಟೊಂದು ನಿಂತಿರುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಇನ್ನೊಂದು ತೊಡಕು ಪರಾಗದ್ದು. ಬಂಡಬರ್ಗ್ ಸುತ್ತಲಿನ ನಾಡು ಇಂದು ಆಸ್ಟ್ರೇಲಿಯಾದ ಪ್ರಮುಖ ಮಕಡೇಮಿಯಾ ತೋಟಗಳ ಪ್ರದೇಶ. ಸಸ್ಯೋದ್ಯಾನದಲ್ಲಿ ಜಾನ್ಸೆನಿ ಹೂಬಿಟ್ಟಾಗ ಪಕ್ಕದ ಇಂಟೆಗ್ರಿಫೋಲಿಯಾದ ಪರಾಗವನ್ನು ಜೇನುನೊಣ ತರುವುದನ್ನು ತಡೆಯುವವರಿಲ್ಲ. ಆಗ ಕಟ್ಟಿದ ಕಾಯಿ ಜಾನ್ಸೆನಿ ಮರದಲ್ಲಿದ್ದರೂ ಬೆರಕೆ. ಅದನ್ನು ಬುಲ್ಬುರಿನ್‌ಗೆ ಒಯ್ದು ನೆಟ್ಟರೆ, ನಾವು ಉಳಿಸಲು ಹೊರಟದ್ದನ್ನು ನಾವೇ ಕಲಬೆರಕೆ ಮಾಡಿದಂತೆ. ಆದ್ದರಿಂದ ಹೊರಗಿನ ಸಂಗ್ರಹದಿಂದ ಕಾಡಿಗೆ ಹಿಂದಿರುಗಬೇಕಾದದ್ದು ಕಡ್ಡಿಯಿಂದ ಬೆಳೆದ ಗಿಡ, ಇಲ್ಲವೇ ಹೂಗೊಂಚಲಿಗೆ ಚೀಲ ಕಟ್ಟಿ ಕೈಯಾರೆ ಪರಾಗ ತಾಗಿಸಿ ಪಡೆದ ಬೀಜ ಮಾತ್ರ. ತೋಟಗಳಿಂದ ದೂರದ, ಇದೇ ಬಗೆಯ ಮಳೆಕಾಡಿನಲ್ಲಿ ಹೊಸ ಗುಂಪು ಕಟ್ಟುವುದಾದರೆ ಬೇರೆ ಬೇರೆ ತಾಯಿಮರಗಳ ಗಿಡಗಳನ್ನು ಬೆರೆಸಿ ನೆಡಬೇಕು. ಒಂದೇ ತಾಯಿಯ ಗಿಡಗಳು ಅಕ್ಕಪಕ್ಕ ಬಂದರೆ, ತನ್ನ ಪರಾಗವನ್ನು ತಾನೇ ಒಲ್ಲದ ಈ ಮರ ಹೂಬಿಟ್ಟರೂ ಕಾಯಿ ಕಟ್ಟಲು ಹೆಣಗುತ್ತದೆ.

ಜೀನೋಮ್ ಕೊಟ್ಟದ್ದು

ಇಷ್ಟು ಅಪರೂಪದ ಮರವೊಂದು ಜೀನೋಮ್ (ಒಂದು ಜೀವಿಯ ಪೂರ್ತಿ ಡಿಎನ್‌ಎ) ವಿಜ್ಞಾನದಲ್ಲಿ ಮುಂಚೂಣಿಗೆ ಬಂದದ್ದು ಸಂತೋಷದ ಸಂಗತಿ. 2020ರಲ್ಲಿ ಡಿಎನ್‌ಎಯ ಉದ್ದ ತುಣುಕುಗಳನ್ನು ಓದುವ ಬೇರೆ ಬೇರೆ ತಂತ್ರಗಳಲ್ಲಿ ಯಾವುದು ಮೇಲು ಎಂದು ಹೋಲಿಸಿ ನೋಡಲು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಆರಿಸಿಕೊಂಡದ್ದು ಜಾನ್ಸೆನಿಯನ್ನೇ. ಮರುವರ್ಷ 14 ವರ್ಣತಂತುಗಳ ಮಟ್ಟಕ್ಕೆ ಜೋಡಿಸಿದ ಜೀನೋಮ್ ಬಂತು. ಉದ್ದ 75 ಕೋಟಿ ಅಕ್ಷರಜೋಡಿಗಳಿಗೂ ಹೆಚ್ಚು. ಸಯನೈಡ್‌ಗೆ ಸಂಬಂಧಿಸಿದ ಜೀನ್‌ಗಳನ್ನು, ಎಣ್ಣೆ ತಯಾರಿಸುವ ಜೀನ್‌ಗಳನ್ನು ಹುಡುಕಲು ಇದರಿಂದ ದಾರಿಯಾಗಿದೆ.

ಸಂರಕ್ಷಣೆಗೆ ಇದರ ಪ್ರಯೋಜನವನ್ನು ಸರಿಯಾದ ಪ್ರಮಾಣದಲ್ಲಿ ನೋಡಬೇಕು. ಪೂರ್ತಿ ಓದಿದ ಜೀನೋಮ್ ಒಂದು ಮರದ್ದು. ವೈವಿಧ್ಯ ಇರುವುದು ಮರ ಮರಗಳ ನಡುವೆ. ಆಧಾರವಾಗಿ ಒಂದು ಜೀನೋಮ್ ಕೈಗೆ ಬಂದ ಮೇಲೆ ಕಾಡಿನ ಪ್ರತಿ ಮರದ ಎಲೆಯಿಂದ ಡಿಎನ್‌ಎ ತೆಗೆದು ಅಗ್ಗವಾಗಿ ಹೋಲಿಸಬಹುದು. ಯಾವ ಮರ ಯಾವುದರ ಮಗು, ಯಾವುದು ಯಾರಿಗೂ ಹತ್ತಿರದ ಸಂಬಂಧಿಯಲ್ಲ, ನರ್ಸರಿಯಲ್ಲಿರುವ ಬಿಲ್ಲೆಯಿಲ್ಲದ ಗಿಡ ಯಾವ ಮರದ ಕಡ್ಡಿ ಎಂಬುದೆಲ್ಲ ತಿಳಿಯುತ್ತದೆ. ಬೀಜ ಬೆರಕೆಯೋ ಅಲ್ಲವೋ ಎಂಬುದನ್ನು ಸಸಿಯ ಮೊದಲ ಎಲೆಯಲ್ಲಿಯೇ ಹೇಳಬಹುದು. ಪ್ರತಿಷ್ಠೆಯ ಜೀನೋಮ್ ಪ್ರಕಟಣೆಗಿಂತ ಈ ದಿನಚರಿಯ ಕೆಲಸವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಮೊದಲು ಏನು ಮಾಡಬೇಕು

ಹಣ ಯಾವಾಗಲೂ ಸಾಲದು, ಆದ್ದರಿಂದ ಸರದಿ ನಿಗದಿಯಾಗಬೇಕು. ಹೊರಗಿನ ಸಂಗ್ರಹ, ಹೊಸ ಗುಂಪು, ತಳಿ ಅಭಿವೃದ್ಧಿ ಎಲ್ಲವೂ ಬುಲ್ಬುರಿನ್‌ನ ಆ ಮರಗಳು ನಿಂತಿರುವವರೆಗೆ ಮಾತ್ರ ಸಾಧ್ಯ. ಒಂದು ತಾಯಿಮರದಿಂದ ಕಡ್ಡಿ ತೆಗೆಯುವ ಮುನ್ನವೇ ಅದು ಸುಟ್ಟುಹೋದರೆ ಮುಂದಿನ ತಂತ್ರಜ್ಞಾನ ಯಾವುದೂ ಅದನ್ನು ತಂದುಕೊಡುವುದಿಲ್ಲ. ಆದ್ದರಿಂದ ಮೊದಲ ಪಾಲು ಕಾಡಿನ ಅಂಚಿನ ಕೆಲಸಕ್ಕೆ ಹೋಗಬೇಕು: ಲಂಟಾನ ಕೀಳುವುದು, ಬೆಂಕಿ ತಡೆಯುವ ಪಟ್ಟಿಗಳನ್ನು ಬಿಡುವುದು, ತಂಪಿನ ತಿಂಗಳುಗಳಲ್ಲಿ ಸುತ್ತಲಿನ ತೆರೆದ ಕಾಡಿನಲ್ಲಿ ನಿಯಂತ್ರಿತವಾಗಿ ಸುಡುವುದು. ಆ ನೆಲವನ್ನು ಸಾವಿರಾರು ವರ್ಷ ಬೆಂಕಿ ಬಳಸಿಯೇ ನಿರ್ವಹಿಸಿದ ಗೂರೆಂಗ್ ಗೂರೆಂಗ್ ಮುಂತಾದ ಮೂಲನಿವಾಸಿ ಸಮುದಾಯಗಳ ರೇಂಜರುಗಳು ಈ ಕೆಲಸದ ಮುಂದಾಳುಗಳಾಗಬೇಕು; ಕೂಲಿಯಾಳುಗಳಾಗಿ ಮಾತ್ರ ಅಲ್ಲ.

ಎರಡನೆಯ ಪಾಲು ತಾಯಿಮರಗಳ ದಾಖಲೆಗೆ. ಕಾಡಿನ ಪ್ರತಿ ಮರಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಕನಿಷ್ಠ ಎರಡು ಬೇರೆ ಊರುಗಳಲ್ಲಿ ಬೇರೂರಿದ ಗಿಡ. ಒಂದೇ ಉದ್ಯಾನದಲ್ಲಿ ಎಲ್ಲವನ್ನೂ ಇಟ್ಟರೆ ಒಂದೇ ಕಾಡಿನಲ್ಲಿದ್ದ ಅಪಾಯವನ್ನು ಒಂದೇ ಬೇಲಿಯೊಳಗೆ ತಂದು ಕೂರಿಸಿದಂತಾಗುತ್ತದೆ. ಈ ಪಟ್ಟಿಯಲ್ಲಿ ಖಾಲಿ ಇರುವ ಸಂಖ್ಯೆಗಳನ್ನು ಭರ್ತಿ ಮಾಡುವುದಕ್ಕೆ, ಸುಲಭವಾಗಿ ಬೇರು ಬಿಡುವ ಮರಗಳ ಇನ್ನೂ ಐವತ್ತು ಗಿಡ ಬೆಳೆಸುವುದಕ್ಕಿಂತ ಹೆಚ್ಚು ಶ್ರಮ ಹಾಕಬೇಕು. ಕಡ್ಡಿ ಬೇರು ಬಿಡದ ಮರವಾದರೆ ಇನ್ನೊಂದು ಮಕಡೇಮಿಯಾದ ಬೇರುಗಿಡದ ಮೇಲೆ ಕಸಿ ಕಟ್ಟಬಹುದು. ಅಂಥ ಗಿಡ ಕಾಡಿಗೆ ಹೋಗಬಾರದು, ಬುಡದಿಂದ ಬೇರೆ ಮರ ಚಿಗುರಿಬಿಡುವ ಅಪಾಯವಿದೆ. ಸಂಗ್ರಹಕ್ಕೆ ಮಾತ್ರ ಅದು ಸಾಕು.

ತಳಿ ಅಭಿವೃದ್ಧಿಗಾರರ ಆಸಕ್ತಿ ಈ ಮರಕ್ಕೆ ಹಣ ತರುತ್ತದೆ, ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅವರಿಗೆ ಬೇಕಾಗಿರುವುದು ಗಿಡ್ಡತನ ಚೆನ್ನಾಗಿರುವ ಕೆಲವೇ ಮರಗಳು. ಹವಾಯಿಯ ಚರಿತ್ರೆಯಲ್ಲಿ ಆದದ್ದು ಅದೇ: ಬೇಕಾದ ಮರ ಸಿಕ್ಕ ಮೇಲೆ ಉಳಿದವುಗಳತ್ತ ಯಾರೂ ತಿರುಗಲಿಲ್ಲ. ಮಕಡೇಮಿಯಾ ಉದ್ಯಮ ಈ ಪ್ರಭೇದದಿಂದ ಒಂದು ಗುಣವನ್ನು ಪಡೆದುಕೊಳ್ಳುವಾಗಲೇ ಅದರ ಎಲ್ಲ ತಾಯಿಮರಗಳ ಸಂಗ್ರಹದ ಖರ್ಚನ್ನೂ ಹೊರುವ ಕರಾರು ಮಾಡಿಕೊಳ್ಳಬೇಕು. ತೊಂಡೂನ್‌ನಂಥ ಉದ್ಯಾನಗಳಿಗೆ ಆ ಹಣ ವರ್ಷ ವರ್ಷ ತಪ್ಪದೆ ಬರಬೇಕು. ಕಡ್ಡಿಯಿಂದ ಬೆಳೆದ ಗಿಡ ದೊಡ್ಡ ಮರವಾಗುವವರೆಗೆ ನೀರು ಹಾಕುವವರು, ಬಿಲ್ಲೆ ಬದಲಿಸುವವರು ಬೇಕೇ ಬೇಕು. ಎರಡು ಮೂರು ವರ್ಷದ ಯೋಜನಾ ಅನುದಾನ ಮುಗಿಯುವ ಹೊತ್ತಿಗೆ ಆ ಗಿಡ ಮೊಣಕಾಲೆತ್ತರವನ್ನೂ ದಾಟಿರುವುದಿಲ್ಲ.